ಬೆಡ್ 6ರ ಬಿಪಿ ಮತ್ತು 22 ಸೆಂಟಿಮೀಟರ್

ರಾತ್ರಿ ಒಂದೂವರೆಗೆ ಐಸಿಯುನಿಂದ ಫೋನ್ ಬಂತು. "ಸರ್, ಬೆಡ್ 6ರದ್ದು ಟ್ರಾನ್ಸ್‌ಡ್ಯೂಸರ್ ಕೆಟ್ಟಿದೆ. ಹೊಸ ಸೆಟ್ ತಗೊಂಡು ಬೇಗ ಬನ್ನಿ." ಟ್ರಾನ್ಸ್‌ಡ್ಯೂಸರ್ ಅಂದರೆ ರಕ್ತದ ಒತ್ತಡ ಅಳೆಯುವ ಚಿಪ್ ಇರುವ ಭಾಗ. ಹಿಂದೆ ಡ್ಯೂಟಿ ಡಾಕ್ಟರ್ ಯಾರಿಗೋ ಜೋರಾಗಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

ನಾನು ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ಎಂಜಿನಿಯರ್. ಯಾವ ಆಸ್ಪತ್ರೆ ಅನ್ನೋದು ಬೇಡ, ರೋಗಿಯ ಗುರುತು ಸಿಗುವ ವಿವರಗಳನ್ನೂ ಬಿಟ್ಟಿದ್ದೇನೆ. ಆ ರಾತ್ರಿಯ ಅಂಕಿಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಟ್ಟುಕೊಂಡು ಇಡೀ ಪ್ರಕರಣ ಬರೆಯುತ್ತಿದ್ದೇನೆ, ಯಾಕಂದ್ರೆ ಆ ರಾತ್ರಿ ಕೆಟ್ಟಿದ್ದ ವಸ್ತು ಒಂದೇ ಒಂದು, ಅದೂ ಟ್ರಾನ್ಸ್‌ಡ್ಯೂಸರ್ ಆಗಿರಲಿಲ್ಲ.

ರೋಗಿ ಅರವತ್ತರ ಆಸುಪಾಸಿನ ಗಂಡಸು. ಕರುಳು ತೂತಾಗಿ ಹೊಟ್ಟೆಯೆಲ್ಲ ಸೋಂಕಾಗಿ ಆಪರೇಷನ್ ಆಗಿತ್ತು. ಇದು ಎರಡನೇ ರಾತ್ರಿ. ಇಂಥವರಿಗೆ ಬಿಪಿ ಯಾವಾಗ ಇಳಿಯುತ್ತದೋ ಹೇಳಕ್ಕಾಗಲ್ಲ. ಅದಕ್ಕೇ ತೋಳಿಗೆ ಸುತ್ತುವ ಕಫ್ ಸಾಲದು ಅಂತ ಮಣಿಕಟ್ಟಿನ ರಕ್ತನಾಳದೊಳಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಇಟ್ಟು ಆರ್ಟ್ ಲೈನ್ ಹಾಕಿದ್ದರು. ಪ್ರತಿ ಬಡಿತದ ಒತ್ತಡವೂ ಮಾನಿಟರಿನಲ್ಲಿ ಅಲೆಯಾಗಿ ಕಾಣುತ್ತದೆ. ನಳಿಗೆ ದೇಹದೊಳಗೆ, ಒತ್ತಡ ಅಳೆಯುವ ಚಿಪ್ ಹೊರಗೆ. ಎರಡಕ್ಕೂ ನಡುವೆ ಒಂದೂವರೆ ಮೀಟರ್ ಹತ್ತಿರದ ಗಟ್ಟಿ ಟ್ಯೂಬು, ಅದರ ತುಂಬ ಸಲೈನ್. ರಕ್ತದ ಒತ್ತಡ ಆ ನೀರನ್ನು ತಳ್ಳುತ್ತದೆ, ನೀರು ಚಿಪ್ಪನ್ನು ತಳ್ಳುತ್ತದೆ. ಈ ನೀರಿನ ಕಥೆಯೇ ಇಡೀ ಪ್ರಕರಣ.

ನಾನು ಹೋದಾಗ ಮಾನಿಟರ್ 76/49 ತೋರಿಸುತ್ತಿತ್ತು. ಸರಾಸರಿ, ಐಸಿಯು ಭಾಷೆಯಲ್ಲಿ ಮೀನ್, 58. ಸೋಂಕಿನಿಂದ ಬಿಪಿ ಬಿದ್ದವರಲ್ಲಿ ಮೀನ್ 65ರ ಮೇಲಿರಲಿ ಅಂತ ನೋಡುತ್ತಾರೆ. ಅದಕ್ಕಾಗಿ ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿತ್ತು. ಸಂಜೆ ಕೆಜಿಗೆ ನಿಮಿಷಕ್ಕೆ 0.08 ಮೈಕ್ರೋಗ್ರಾಂ ಇದ್ದದ್ದು ರಾತ್ರಿ ಹತ್ತೂವರೆಯ ನಂತರ ಏರುತ್ತಾ ಏರುತ್ತಾ 0.20ಕ್ಕೆ ಬಂದಿತ್ತು. ಇನ್ನು ಅರ್ಧ ಗಂಟೆ ನೋಡಿ ಎರಡನೇ ಔಷಧಿ ಶುರು ಮಾಡೋಣ ಅನ್ನುವ ಹಂತ. ನಡುವೆ ಒಮ್ಮೆ ಸಿಸ್ಟರ್ ಕಫ್ ಕಟ್ಟಿ ನೋಡಿದ್ದರು. ಅದು 114/64 ಅಂದಿತ್ತು. ಎರಡರ ನಡುವೆ ಇಷ್ಟು ಅಂತರ ಬಂದದ್ದಕ್ಕೇ ನನಗೆ ಫೋನ್.

ಒಂದು ಮಾತು ಡಾಕ್ಟರ್ ಪರವಾಗಿ ಹೇಳಲೇಬೇಕು. ಕಫ್ ಜಾಸ್ತಿ ತೋರಿಸಿದರೂ ಅವರು ಆರ್ಟ್ ಲೈನನ್ನೇ ನಂಬಿದ್ದರಲ್ಲಿ ತಪ್ಪೇನಿಲ್ಲ. ಬಿಪಿ ತುಂಬ ಕಡಿಮೆ ಇದ್ದಾಗ ಕಫ್ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಅದರಲ್ಲೂ ಈ ರೋಗಿಯ ತೋಳುಗಳು ಊದಿಕೊಂಡಿದ್ದವು. ಪುಸ್ತಕದಲ್ಲಿ ಓದಿದ್ದೂ ಅದೇ, ಜಗಳ ಬಂದರೆ ಆರ್ಟ್ ಲೈನ್ ಕಡೆ ನಿಲ್ಲು. ಆದರೆ ಆ ಬೆಡ್ಡಿನ ಸುತ್ತ ಬೇರೆ ಸಾಕ್ಷಿಗಳೂ ಇದ್ದವು. ಗಂಟೆಗೆ 45 ಎಂಎಲ್ ಮೂತ್ರ ಬರುತ್ತಿತ್ತು. ಮನುಷ್ಯ ಎಚ್ಚರವಾಗಿದ್ದರು, "ನೀರು ಕೊಡ್ರಪ್ಪಾ" ಅಂತ ಕೇಳುತ್ತಿದ್ದರು. ಅಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಕೂಡ ರಕ್ತದಲ್ಲಿ ಏರಿರಲಿಲ್ಲ. ಮೀನ್ 58ರಲ್ಲಿ ಮೂರು ಗಂಟೆ ಕಳೆದವರ ಹಾಗೆ ಅವರು ಕಾಣುತ್ತಿರಲಿಲ್ಲ. ಬೆರಳುಗಳು ಮಾತ್ರ ತಣ್ಣಗಿದ್ದವು. ಅದು ಔಷಧಿಯ ಕೆಲಸವೂ ಆಗಿರಬಹುದಲ್ವಾ?

ಹೊಸ ಸೆಟ್ ನನ್ನ ಕೈಯಲ್ಲೇ ಇತ್ತು. ಬಿಚ್ಚಲಿಲ್ಲ. ಮೊದಲು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಕಣ್ಣಿನ ಮಟ್ಟಕ್ಕೆ ಹಾಸಿಗೆ ನೋಡಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಟ್ರಾನ್ಸ್‌ಡ್ಯೂಸರಿಗೆ ಎರಡು ವಿಷಯ ಹೇಳಿಕೊಡಬೇಕು. ಸೊನ್ನೆ ಅಂದರೆ ಯಾವುದು, ಮತ್ತು ಅದನ್ನು ಯಾವ ಎತ್ತರದಲ್ಲಿ ಹಿಡಿಯಬೇಕು. ಇವೆರಡನ್ನೂ ಸೇರಿಸಿ ಎಲ್ಲರೂ "ಝೀರೋ ಮಾಡಿದ್ದೀವಿ" ಅಂದುಬಿಡುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ.

ಸೊನ್ನೆ ಸುಲಭ. ನಮ್ಮ ಮೇಲೆ ಗಾಳಿಯ ಒತ್ತಡ ಸದಾ ಇದೆ. ಸಮುದ್ರ ಮಟ್ಟದಲ್ಲಿ 760 ಮಿಲಿಮೀಟರ್ ಪಾದರಸ, ಬೆಂಗಳೂರಿನ ಎತ್ತರದಲ್ಲಿ ಸುಮಾರು 685. ನಾವು ಬಿಪಿ 120 ಅಂದಾಗ ಅದು ಸುತ್ತಲಿನ ಗಾಳಿಗಿಂತ 120 ಹೆಚ್ಚು ಅಂತ ಅರ್ಥ. ಹಾಗಾಗಿ ಟ್ರಾನ್ಸ್‌ಡ್ಯೂಸರ್ ಪಕ್ಕದ ತ್ರೀ-ವೇಯನ್ನು, ಅಂದರೆ ಮೂರು ದಾರಿಯ ಪುಟ್ಟ ನಲ್ಲಿಯನ್ನು, ರೋಗಿಯ ಕಡೆ ಮುಚ್ಚಿ, ಮುಚ್ಚಳ ತೆಗೆದು ಗಾಳಿಗೆ ತೆರೆದು, ಮಾನಿಟರಿನಲ್ಲಿ ಝೀರೋ ಒತ್ತುತ್ತೇವೆ. ಗೆರೆ ಸೊನ್ನೆಗೆ ಬಂದು ಕೂರುತ್ತದೆ. ಆಮೇಲೆ ಮುಚ್ಚಳ ಹಾಕಿ ರೋಗಿಯ ಕಡೆ ತೆರೆಯುವುದು. ಅರ್ಧ ನಿಮಿಷದ ಕೆಲಸ.

ಎತ್ತರ ಅಷ್ಟು ಸುಲಭವಲ್ಲ. ಟ್ಯೂಬಿನ ತುಂಬ ನೀರಿದೆ, ನೀರಿಗೆ ತೂಕವಿದೆ. ತೆರೆದ ತ್ರೀ-ವೇಯ ಬಾಯಿ ಹೃದಯದ ಮಟ್ಟದಲ್ಲಿದ್ದರೆ ಮಾತ್ರ ಲೆಕ್ಕ ಸರಿ. ಹೃದಯಕ್ಕಿಂತ ಮೇಲಿದ್ದರೆ ಬಿಪಿ ಕಡಿಮೆ ತೋರಿಸುತ್ತದೆ, ಕೆಳಗಿದ್ದರೆ ಜಾಸ್ತಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಹಾಗಾಗಿ 10 ಸೆಂಟಿಮೀಟರ್ ಎತ್ತರಕ್ಕೆ 7.4 ಎಂಎಂ ತಪ್ಪು. ಒಂದು ಗೇಣು ವ್ಯತ್ಯಾಸವಾದರೆ ಸಾಕು, ಒಂದು ಔಷಧಿ ಶುರುವಾಗುವಷ್ಟು ಅಂಕಿ ಅತ್ತಿತ್ತ. ಹೃದಯದ ಮಟ್ಟ ಅಂತ ಹೊರಗಿನಿಂದ ಗುರುತಿಸುವ ಜಾಗ ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದು ಕಂಕುಳಿನ ನಡುಗೆರೆಯನ್ನು ಕೂಡುವಲ್ಲಿದೆ.

ಹೊಸಬರು ಯಾವಾಗಲೂ ಕೇಳುತ್ತಾರೆ, ರೋಗಿ ಕೈ ಮೇಲೆತ್ತಿದರೆ ಏನಾಗುತ್ತೆ ಅಂತ. ಏನೂ ಆಗಲ್ಲ. ಕೈ ಮೇಲೆ ಹೋದಷ್ಟು ಅಲ್ಲಿನ ರಕ್ತನಾಳದ ಒತ್ತಡ ಇಳಿಯುತ್ತದೆ, ಅಷ್ಟೇ ಪ್ರಮಾಣದಲ್ಲಿ ಟ್ಯೂಬಿನ ನೀರಿನ ಕಂಬ ಉದ್ದವಾಗಿ ಅದನ್ನು ತುಂಬಿಕೊಡುತ್ತದೆ. ಮುಖ್ಯವಾಗುವುದು ಹೃದಯ ಮತ್ತು ತ್ರೀ-ವೇ ನಡುವಿನ ಎತ್ತರ.

ಇದೇನು ಹೊಸ ಜ್ಞಾನವಲ್ಲ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಹೆಣ್ಣು ಕುದುರೆಯೊಂದರ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ಸಿಕ್ಕಿಸಿ, ಅದಕ್ಕೆ 9 ಅಡಿಯ ಗಾಜಿನ ನಳಿಗೆ ಜೋಡಿಸಿ, ರಕ್ತ 8 ಅಡಿ 3 ಇಂಚು ಏರಿತು ಅಂತ 1733ರಲ್ಲಿ ಪ್ರಕಟಿಸಿದ. ದೇಹದೊಳಗಿನ ರಕ್ತದೊತ್ತಡ ಅಳೆದ ಮೊದಲ ದಾಖಲೆ ಅದೇ. ಆ 8 ಅಡಿ 3 ಇಂಚನ್ನು ಅವನು ನೆಲದಿಂದ ಅಳೆಯಲಿಲ್ಲ, ಕೊಳವೆ ಸಿಕ್ಕಿಸಿದ ಜಾಗದಿಂದಲೂ ಅಳೆಯಲಿಲ್ಲ. ಹೃದಯದ ಎಡ ಕೋಣೆಯ ಮಟ್ಟದಿಂದ ಅಂತ ಸ್ಪಷ್ಟವಾಗಿ ಬರೆದಿದ್ದಾನೆ. ಮಾನಿಟರ್ ಇರಲಿ, ಕರೆಂಟೇ ಇಲ್ಲದ ಕಾಲದಲ್ಲಿ!

ಸರಿ, ಬೆಡ್ 6ಕ್ಕೆ ಬರೋಣ. ಕಣ್ಣಂದಾಜಿನಲ್ಲೇ ಟ್ರಾನ್ಸ್‌ಡ್ಯೂಸರ್ ಮೇಲಿತ್ತು. ಎಷ್ಟು ಮೇಲೆ ಅಂತ ಗೊತ್ತಾಗಲು ಗಾರೆ ಕೆಲಸದವರ ಉಪಾಯ ಮಾಡಿದೆ. ಮನೆ ಕಟ್ಟುವಾಗ ಈ ಗೋಡೆಯಿಂದ ಆ ಗೋಡೆಗೆ ಮಟ್ಟ ಹಿಡಿಯಲು ನೀರು ತುಂಬಿದ ಪಾರದರ್ಶಕ ಪೈಪು ಹಿಡಿಯುತ್ತಾರಲ್ಲ, ಅದೇ. ಒಂದು ಉದ್ದದ ಎಕ್ಸ್‌ಟೆನ್ಶನ್ ಟ್ಯೂಬಿಗೆ ಮುಕ್ಕಾಲು ಭಾಗ ಸಲೈನ್ ತುಂಬಿ ಒಂದು ತುದಿಯನ್ನು ಸಿಸ್ಟರಿಗೆ ರೋಗಿಯ ಕಂಕುಳ ಗುರುತಿನ ಹತ್ತಿರ ಹಿಡಿಯಲು ಹೇಳಿದೆ, ಇನ್ನೊಂದನ್ನು ಐವಿ ಸ್ಟ್ಯಾಂಡಿನ ಪಕ್ಕ ನಾನು ಹಿಡಿದೆ. ರಸಮಟ್ಟ ಕೂಡ ನಡೆಯುತ್ತದೆ, ಆದರೆ ಮಧ್ಯರಾತ್ರಿ ಐಸಿಯುನಲ್ಲಿ ರಸಮಟ್ಟ ಎಲ್ಲಿಂದ ತರೋದು. ನೀರು ನಿಂತ ಜಾಗದಿಂದ ತ್ರೀ-ವೇ ಬಾಯಿಗೆ ಟೇಪ್ ಹಿಡಿದೆ. 22 ಸೆಂಟಿಮೀಟರ್.

22 ಸೆಂಟಿಮೀಟರ್ ಅಂದರೆ 16 ಎಂಎಂ.

"ಝೀರೋ ಮಾಡಿದ್ವಲ್ಲ ಸರ್, ಎಂಟು ಗಂಟೆಗೆ ಶಿಫ್ಟ್ ಶುರುವಾದಾಗ" ಅಂದರು ಸಿಸ್ಟರ್. ಮಾಡಿದ್ದರು, ಚಾರ್ಟಿನಲ್ಲಿ ಸಹಿಯೂ ಇತ್ತು. ಎತ್ತರವನ್ನೂ ಆಗ ಸರಿಯಾಗಿಯೇ ಇಟ್ಟಿದ್ದರು. ಹಾಗಾದರೆ ಯಾವಾಗ ಬದಲಾಯಿತು? ಚಾರ್ಟ್ ಹಿಂದಕ್ಕೆ ತಿರುಗಿಸಿದೆ. ಹತ್ತೂಕಾಲಿಗೆ ಎದೆಯ ಎಕ್ಸ್‌ರೇ. ಮೊಬೈಲ್ ಮಷಿನ್ ಬಂದಿತ್ತು, ಅದರ ತೋಳು ಹಾಸಿಗೆಯ ಮೇಲೆ ಬರಲಿ ಅಂತ ಹಾಸಿಗೆ ಇಳಿಸಿದ್ದರು. ಫಿಲ್ಮ್ ತೆಗೆದರು, ಹೋದರು. ಹಾಸಿಗೆ ಇಳಿದಲ್ಲೇ ಉಳಿಯಿತು. ಅಲ್ಲಿಂದಾಚೆ ಚಾರ್ಟಿನ ಮೀನ್ ನೋಡಿದರೆ ಹತ್ತಕ್ಕೆ 66, ಹತ್ತೂವರೆಗೆ 50. ಅರ್ಧ ಗಂಟೆಯೊಳಗೆ 16 ಬಿದ್ದಿದೆ. ರೋಗಿಗೆ ಏನೂ ಆಗಿರಲಿಲ್ಲ, ಹಾಸಿಗೆ ಕೆಳಗಿಳಿದಿತ್ತು ಅಷ್ಟೇ. ಆ ಬಿದ್ದ ಅಂಕಿಯನ್ನು ಮೇಲೆತ್ತಲು ಮೂರು ಗಂಟೆ ಔಷಧಿ ಏರಿಸುತ್ತಾ ಹೋಗಿದ್ದರು.

ಹಾಸಿಗೆ ಇಳಿದರೆ ಟ್ರಾನ್ಸ್‌ಡ್ಯೂಸರ್ ಜೊತೆಗೇ ಇಳಿಯಬೇಕಿತ್ತು, ಅಲ್ವಾ? ನಮ್ಮಲ್ಲಿ ಐವಿ ರಾಡ್ ಹಾಸಿಗೆಯ ಚೌಕಟ್ಟಿಗೇ ಸಿಕ್ಕಿಸಿರುತ್ತದೆ. ಈ ಬೆಡ್ಡಿನಲ್ಲಿ ಮಾತ್ರ ಟ್ರಾನ್ಸ್‌ಡ್ಯೂಸರ್ ನೆಲದ ಮೇಲೆ ನಿಂತ ಚಕ್ರದ ಸ್ಟ್ಯಾಂಡಿನಲ್ಲಿತ್ತು. ಯಾಕೆ ಅಂತ ಆಗ ಯೋಚಿಸಲಿಲ್ಲ.

ಎತ್ತರ ಸರಿ ಮಾಡುವ ಮೊದಲು ಸೊನ್ನೆಯನ್ನೂ ಪರೀಕ್ಷಿಸಿದೆ. ತ್ರೀ-ವೇ ಗಾಳಿಗೆ ತೆರೆದರೆ ಮಾನಿಟರ್ ಸೊನ್ನೆ ತೋರಿಸಬೇಕು. ಮೈನಸ್ 4 ತೋರಿಸಿತು. ಇದನ್ನು ಡ್ರಿಫ್ಟ್ ಅನ್ನುತ್ತೇವೆ, ಗಂಟೆಗಳು ಕಳೆದಂತೆ ಬಿಸಿ ತಂಪು ಅಂತ ಚಿಪ್ಪಿನ ಸೊನ್ನೆ ಸ್ವಲ್ಪ ಜಾರುತ್ತದೆ. ತ್ರೀ-ವೇಯನ್ನು ಕಂಕುಳ ಗುರುತಿನ ಮಟ್ಟಕ್ಕೆ ಇಳಿಸಿ, ಹೊಸದಾಗಿ ಝೀರೋ ಒತ್ತಿ, ರೋಗಿಯ ಕಡೆ ತೆರೆದೆವು. 96/69. ಮೀನ್ 78.

ಡಾಕ್ಟರ್ ಒಂದು ಕ್ಷಣ ಮಾನಿಟರನ್ನೇ ನೋಡಿದರು. "ಇಪ್ಪತ್ತು ಸುಮ್ನೆ ಎತ್ತರದಲ್ಲೇ ಹೋಯ್ತಾ?" ಅಂದರು. ಹದಿನಾರು ಎತ್ತರದ್ದು, ನಾಲ್ಕು ಸೊನ್ನೆಯದ್ದು ಅಂದೆ. ಅವರು ಆಗಲೇ ಸಿರಿಂಜ್ ಪಂಪಿನ ಕಡೆ ಕೈ ಚಾಚಿದ್ದರು.

ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ನನಗೆ ಅಲೆ ಇಷ್ಟವಾಗಲಿಲ್ಲ. ಆರ್ಟ್ ಲೈನ್ ಅಲೆ ಚೂಪಾಗಿ ಏರಿ, ಇಳಿಯುವಾಗ ಒಂದು ಸಣ್ಣ ಗೂಡು ಮಾಡಿಕೊಂಡು ಇಳಿಯಬೇಕು. ಇದು ಮಳೆಗೆ ಕರಗಿದ ಮಣ್ಣಿನ ದಿಬ್ಬದ ಹಾಗೆ ದುಂಡಗಿತ್ತು. ಮೇಲಿನದಕ್ಕೂ ಕೆಳಗಿನದಕ್ಕೂ ಬರೀ 27 ಅಂತರ, ಕಫ್‌ನಲ್ಲಿ 50 ಇತ್ತು. ಫ್ಲಶ್ ಮಾಡಿ ನೋಡಿದೆ. ಟ್ರಾನ್ಸ್‌ಡ್ಯೂಸರಿನ ಬಾಲ ಎಳೆದರೆ, ಸಲೈನನ್ನು ಒತ್ತಿ ಹಿಡಿದಿರುವ ಪ್ರೆಷರ್ ಬ್ಯಾಗಿನ ಒತ್ತಡ ನೇರ ಚಿಪ್ಪಿಗೆ ಬಡಿದು ಗೆರೆ ಮೇಲಕ್ಕೆ ಹಾರುತ್ತದೆ. ತಟ್ಟನೆ ಬಿಟ್ಟರೆ ಕೆಳಗೆ ಬಿದ್ದು ಜೋಕಾಲಿಯಂತೆ ಒಂದೆರಡು ಸಲ ತೂಗಿ ನಿಲ್ಲಬೇಕು. ಸುಮಾರು ಸಲ ತೂಗಿದರೆ ಮೇಲಿನ ಅಂಕಿ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ತೂಗದೇ ಇದ್ದರೆ ಕಡಿಮೆ. ನಮ್ಮದು ಅಂಬಲಿಯಲ್ಲಿ ಮುಳುಗುವ ಸೌಟಿನ ಹಾಗೆ ಮೆಲ್ಲಗೆ ಇಳಿದು ಕೂತಿತು. ಡ್ಯಾಂಪ್ ಆಗಿದೆ, ಅಂದರೆ ಅಲೆಯ ಹೊಡೆತ ದಾರಿಯಲ್ಲೇ ಮಂಕಾಗುತ್ತಿದೆ.

ಕಾರಣ ಹುಡುಕಲು ಟಾರ್ಚ್ ಬೇಕಾಯಿತು. ಪ್ರೆಷರ್ ಬ್ಯಾಗ್ 300 ಇರಬೇಕಾದದ್ದು 180ಕ್ಕೆ ಇಳಿದಿತ್ತು. ಆ ಬ್ಯಾಗಿನ ಒತ್ತಡದಿಂದಲೇ ಗಂಟೆಗೆ 3 ಎಂಎಲ್ ಹತ್ತಿರ ಸಲೈನ್ ಸದಾ ಹರಿದು ನಳಿಗೆಯ ಬಾಯಿ ಕಟ್ಟದಂತೆ ಕಾಯುತ್ತಿರುತ್ತದೆ. ಹನ್ನೊಂದಕ್ಕೆ ಇದೇ ಲೈನಿನಿಂದ ಎಬಿಜಿಗೆ, ಅಂದರೆ ರಕ್ತದ ಆಮ್ಲಜನಕ ಮುಂತಾದವನ್ನು ನೋಡುವ ಪರೀಕ್ಷೆಗೆ, ರಕ್ತ ತೆಗೆದಿದ್ದರು, ತೆಗೆದ ಮೇಲೆ ತ್ರೀ-ವೇ ಪೂರ್ತಿ ತೊಳೆದಿರಲಿಲ್ಲ. ಒಳಗೆ ನೂಲಿನೆಳೆಯಂಥ ಕಪ್ಪು ರಕ್ತ. ಟ್ರಾನ್ಸ್‌ಡ್ಯೂಸರಿನ ಗುಮ್ಮಟದಲ್ಲಿ ಮೆಂತ್ಯದ ಕಾಳಿನಷ್ಟು ಗಾಳಿಗುಳ್ಳೆ. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪ್ರತಿ ಬಡಿತದ ಹೊಡೆತವನ್ನು ಆ ಗುಳ್ಳೆ ದಿಂಬಿನ ಹಾಗೆ ನುಂಗಿಕೊಳ್ಳುತ್ತಿತ್ತು.

ಗುಳ್ಳೆಯನ್ನು ರೋಗಿಯ ಕಡೆ ತಳ್ಳುವಂತಿಲ್ಲ, ಅದಂತೂ ನೆನಪಿರಲಿ. ಸಿಸ್ಟರ್ ಮೊದಲು ರೋಗಿಯ ಕಡೆ ಮುಚ್ಚಿ, ಟ್ರಾನ್ಸ್‌ಡ್ಯೂಸರನ್ನು ಬೆರಳಲ್ಲಿ ತಟ್ಟಿ ಗುಳ್ಳೆಯನ್ನು ಮೇಲೆ ಬರಿಸಿ ಹೊರಗೆ ಬಿಟ್ಟರು. ತ್ರೀ-ವೇಯನ್ನು ಹೊಸದಾಗಿ ಹಾಕಿದರು, ನಾನು ಬ್ಯಾಗ್ 300ಕ್ಕೆ ಪಂಪ್ ಮಾಡಿದೆ. ಫ್ಲಶ್. ಗೆರೆ ಬಿತ್ತು, ಒಂದೂವರೆ ಸಲ ತೂಗಿತು, ನಿಂತಿತು. ಮಾನಿಟರ್ 118/60. ಮೀನ್ 79.

ಮೂರು ಅಂಕಿಗಳನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡೆ. 76/49, 96/69, 118/60. ನಾನು ಹೊಸಬರಿಗೆ ಪಾಠ ಮಾಡುವಾಗ ಈಗ ಇದೊಂದೇ ಸಾಲು ಬೋರ್ಡಿನಲ್ಲಿ ಬರೆಯುತ್ತೇನೆ. ಮೊದಲನೆಯದರಿಂದ ಎರಡನೆಯದಕ್ಕೆ ಎರಡೂ ಅಂಕಿ ಒಟ್ಟಿಗೆ 20 ಏರಿದವು, ಅಂತರ ಹಾಗೇ ಉಳಿಯಿತು. ಸೊನ್ನೆ ಮತ್ತು ಎತ್ತರದ ತಪ್ಪು ಹೀಗೇ ಇರುತ್ತದೆ, ಇಡೀ ಅಲೆಯನ್ನೇ ಎತ್ತಿ ಬೇರೆ ಕಡೆ ಇಡುತ್ತದೆ. ಎರಡನೆಯದರಿಂದ ಮೂರನೆಯದಕ್ಕೆ ಮೇಲಿನದು ಏರಿತು, ಕೆಳಗಿನದು ಇಳಿಯಿತು, ಮೀನ್ ಹೆಚ್ಚುಕಮ್ಮಿ ಅಲ್ಲೇ. ಡ್ಯಾಂಪಿಂಗ್ ಅಲೆಯನ್ನು ತುಳಿದು ಚಪ್ಪಟೆ ಮಾಡುತ್ತದೆ, ಸರಾಸರಿಗೆ ಅಷ್ಟಾಗಿ ಕೈ ಹಾಕುವುದಿಲ್ಲ. ಐಸಿಯುನವರು ಮೀನ್ ನೋಡಿ ಔಷಧಿ ಕೊಡುವುದರಿಂದ ಡ್ಯಾಂಪಿಂಗ್‌ಗಿಂತ ಎತ್ತರದ ತಪ್ಪಿಗೇ ನಾನು ಜಾಸ್ತಿ ಹೆದರುತ್ತೇನೆ. ಡ್ಯಾಂಪ್ ಆದ ಅಲೆ ನೋಡಿದರೆ ಕಣ್ಣಿಗೆ ಗೊತ್ತಾಗುತ್ತದೆ. ಎತ್ತರ ತಪ್ಪಿದ ಅಲೆ ಬಲು ಚಂದವಾಗಿರುತ್ತದೆ.

ಬೆಳಗ್ಗೆ ಆ ಟ್ರಾನ್ಸ್‌ಡ್ಯೂಸರಿನದೇ ನಿಜವಾದ ಕ್ಯಾಲಿಬ್ರೇಷನ್ ನೋಡೋಣ ಅನ್ನಿಸಿತು. ಸೆಟ್ ಬದಲಿಸುವ ದಿನ ಹೇಗೂ ಬಂದಿತ್ತು, ಹಳೆಯದನ್ನು ವರ್ಕ್‌ಶಾಪಿಗೆ ತಂದೆ. ಕ್ಯಾಲಿಬ್ರೇಷನ್ ಅಂದರೆ ಸೊನ್ನೆ ಒಂದೇ ಅಲ್ಲವಲ್ಲ, 100 ಕೊಟ್ಟರೆ 100, 200 ಕೊಟ್ಟರೆ 200 ತೋರಿಸುತ್ತದಾ ಅಂತಲೂ ನೋಡಬೇಕು. ಚಿಪ್ಪು ಪ್ರತಿ ವೋಲ್ಟಿಗೆ ಪ್ರತಿ ಎಂಎಂಗೆ 5 ಮೈಕ್ರೋವೋಲ್ಟ್ ಕೊಡಬೇಕು ಅನ್ನುವುದು ಒಪ್ಪಿತ ಅಳತೆ, ಕಂಪನಿಯಲ್ಲೇ ಅದಕ್ಕೆ ಹೊಂದಿಸಿ ಕಳಿಸುತ್ತಾರೆ. ಅದಕ್ಕೇ ಐಸಿಯುನಲ್ಲಿ ನಾವು ಸೊನ್ನೆ ಮಾತ್ರ ಮುಟ್ಟುತ್ತೇವೆ. ಗಾಳಿ ಪಂಪು, ಅಳತೆಯ ಮೀಟರು, ಟ್ರಾನ್ಸ್‌ಡ್ಯೂಸರು, ಮೂರನ್ನೂ ಒಂದು ಟಿ-ಟ್ಯೂಬಿಗೆ ಸಿಕ್ಕಿಸಿ ಒತ್ತಿದೆ. 100ಕ್ಕೆ 100. 200ಕ್ಕೆ 201. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಈ ಪ್ರಕರಣ ಸರಿಹೋದದ್ದು ಚಿಪ್ ದೇಹದ ಹೊರಗಿದ್ದದ್ದಕ್ಕೆ. ತ್ರೀ-ವೇ ತಿರುಗಿಸಿ ಗಾಳಿ ತೋರಿಸಬಹುದಿತ್ತು. ಚಿಪ್ಪೇ ದೇಹದೊಳಗೆ ಕೂತಿದ್ದರೆ? ಹೃದಯದ ವೈಫಲ್ಯ ಇರುವವರಿಗೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲೇ ಇಡುವ ಕಾರ್ಡಿಯೋಮೆಮ್ಸ್ ಅನ್ನುವ ಸೆನ್ಸರ್ ಇದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಬ್ಯಾಟರಿ ಇಲ್ಲ. ಒಳಗೆ ಒಂದು ಸುರುಳಿ, ಒಂದು ಕೆಪಾಸಿಟರ್. ಒತ್ತಡ ಹೆಚ್ಚಾದರೆ ಅದರ ಕಂಪನದ ಲಯ ಬದಲಾಗುತ್ತದೆ. ರೋಗಿ ಮನೆಯಲ್ಲಿ ಆಂಟೆನಾ ಇರುವ ದಿಂಬಿನ ಮೇಲೆ ಮಲಗಿದರೆ ಹೊರಗಿನ ಯಂತ್ರ ರೇಡಿಯೋ ಅಲೆ ಕಳಿಸಿ ಆ ಲಯ ಓದಿಕೊಳ್ಳುತ್ತದೆ. ಒಮ್ಮೆ ಇಟ್ಟರೆ ತೆಗೆಯುವಂತಿಲ್ಲ, ಗಾಳಿಗೆ ತೆರೆಯುವಂತಿಲ್ಲ. ಹಾಗಾಗಿ ಇಡುವ ದಿನವೇ ರಕ್ತನಾಳದೊಳಗೆ ತೂರಿಸುವ ಉದ್ದ ನಳಿಗೆಯಲ್ಲಿ, ಅಂದರೆ ಕ್ಯಾತಿಟರ್‌ನಲ್ಲಿ, ಬಂದ ಒತ್ತಡದ ಜೊತೆ ಹೋಲಿಸಿ ಮೊದಲ ಅಂಕಿ ಕೂರಿಸುತ್ತಾರೆ. ಗಾಳಿಯ ಒತ್ತಡವನ್ನು ಹೊರಗಿನ ಯಂತ್ರವೇ ಅಳೆದು ಪ್ರತಿ ಸಲ ಕಳೆಯುತ್ತದೆ. ಕಳೆಯದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ: ಮಂಗಳೂರಿನಿಂದ ಮಡಿಕೇರಿಗೆ ಹತ್ತಿದರೆ ಗಾಳಿಯ ಒತ್ತಡ ಹತ್ತಿರ ಹತ್ತಿರ 100 ಎಂಎಂ ಇಳಿಯುತ್ತದೆ, ಆ ರಕ್ತನಾಳದ ಮಾಮೂಲಿ ಮೀನ್ ಒತ್ತಡವೇ 20ರ ಒಳಗೆ.

ಬೆಡ್ 6ರಲ್ಲಿ ಬಂದ ಆ 4 ಎಂಎಂ ಡ್ರಿಫ್ಟ್ ಮಣಿಕಟ್ಟಿನಲ್ಲಿ ಚಿಲ್ಲರೆ. 15 ಇರಬೇಕಾದ ಜಾಗದಲ್ಲಿ ಅದೇ 4 ಬಂದರೆ ಕಾಲು ಭಾಗಕ್ಕಿಂತ ಹೆಚ್ಚು ತಪ್ಪು. ಅಂಥ ಸೆನ್ಸರ್ ಮೇಲೆ ಅನುಮಾನ ಬಂದರೆ ಮತ್ತೆ ಕ್ಯಾತಿಟರ್ ಹಾಕಿಯೇ ಹೋಲಿಸಬೇಕು. ನಮಗೆ ಸಾಕಾದದ್ದು ಒಂದು ಟ್ಯೂಬು ನೀರು.

ಬೆಳಗ್ಗೆ ಆರಕ್ಕೆ ನಾರ್‌ಅಡ್ರಿನಲಿನ್ 0.06ಕ್ಕೆ ಇಳಿದಿತ್ತು, ಎರಡನೇ ಔಷಧಿ ಬೇಕಾಗಲಿಲ್ಲ. ಬೆರಳು ಬೆಚ್ಚಗಾಗಿದ್ದವು. ಬಾಗಿಲ ಹತ್ತಿರ ರೋಗಿಯ ಮಗ ಸಿಕ್ಕಿ "ಅಪ್ಪಂಗೆ ಬಿಪಿ ಹೇಗಿದೆ ಸರ್, ರಾತ್ರಿ ತುಂಬ ಕಡಿಮೆ ಅಂದಿದ್ರು" ಅಂದ. ಡಾಕ್ಟರೇ ಹೇಳ್ತಾರಪ್ಪ ಅಂತ ಒಳಗೆ ಕಳಿಸಿದೆ. ಅವರು ರಾತ್ರಿ ನಡೆದದ್ದನ್ನು ಮುಚ್ಚಿಡದೆ ಹೇಳಿದರು ಅಂತ ಆಮೇಲೆ ಗೊತ್ತಾಯಿತು.

ಸಿಸ್ಟರ್ ರೋಗಿಯ ಪಕ್ಕೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೀಟು ಎಳೆದು, ಚಾರ್ಟಿನಲ್ಲಿ ಝೀರೋ ಕಾಲಂ ಪಕ್ಕ "ಮಟ್ಟ" ಅಂತ ಕೈಬರಹದಲ್ಲಿ ಹೊಸ ಕಾಲಂ ಮಾಡಿದ್ದರು. ಹಾಸಿಗೆ ಮುಟ್ಟಿದಾಗಲೆಲ್ಲ ಅದರಲ್ಲಿ ಒಂದು ಟಿಕ್.

ನಾನು ವರ್ಕ್‌ಶಾಪಿಗೆ ಬಂದು ಕಂಪ್ಲೇಂಟ್ ರಿಜಿಸ್ಟರ್ ತೆಗೆದೆ. ಆ ವರ್ಷದಲ್ಲೇ ಐಸಿಯುನಿಂದ "ಟ್ರಾನ್ಸ್‌ಡ್ಯೂಸರ್ ಕೆಟ್ಟಿದೆ" ಅಂತ ಮೂರು ದೂರು ಬಂದಿದ್ದವು. ಮೂರಕ್ಕೂ ನನ್ನದೇ ಅಕ್ಷರದಲ್ಲಿ "ಸೆಟ್ ಬದಲಾಯಿಸಿದೆ, ಸರಿಯಾಯಿತು" ಅಂತಿತ್ತು. ಸರಿಯಾಗದೇ ಏನು? ಹೊಸ ಸೆಟ್ ಹಾಕಿದಾಗ ಎತ್ತರ ಹೊಸದಾಗಿ ಹಿಡಿಯುತ್ತೇವೆ, ಝೀರೋ ಹೊಸದಾಗಿ ಒತ್ತುತ್ತೇವೆ, ಗುಳ್ಳೆ ಇಲ್ಲದ ಟ್ಯೂಬು ಇರುತ್ತದೆ. ಹಳೆಯ ಸೆಟ್ಟುಗಳನ್ನು ಕಸಕ್ಕೆ ಹಾಕಿದ್ದೆ, ಒಂದನ್ನೂ ಪರೀಕ್ಷೆ ಮಾಡಿರಲಿಲ್ಲ.

ಆ ರಾತ್ರಿಯ ದೂರು ಬರೆಯಲು ಪುಟ ತಿರುಗಿಸುವಾಗ ಎರಡು ತಿಂಗಳ ಹಿಂದಿನ ಸಾಲೊಂದು ಕಣ್ಣಿಗೆ ಬಿತ್ತು. "ಬೆಡ್ 6, ಐವಿ ರಾಡ್ ಹಿಡಿಯುವ ಕ್ಲ್ಯಾಂಪ್ ಮುರಿದಿದೆ." ಪಕ್ಕದ ಕಾಲಂನಲ್ಲಿ "ಪೆಂಡಿಂಗ್", ಕೆಳಗೆ ನನ್ನ ಸಹಿ. ನೆಲದ ಸ್ಟ್ಯಾಂಡ್ ಯಾಕೆ ಬಂತು ಅಂತ ಆಗ ಗೊತ್ತಾಯಿತು.

ಕೆಟ್ಟ ಭಾಗ ಅನ್ನುವ ಕಾಲಂನಲ್ಲಿ "ಕ್ಲ್ಯಾಂಪ್" ಅಂತ ಬರೆದೆ. ಟೂಲ್ ಬಾಕ್ಸ್ ಎತ್ತಿಕೊಂಡು ಮತ್ತೆ ಐಸಿಯುಗೆ ಹೋದೆ.